ಜಮಖಾನೆ ಸೇರಿದ ಮನೆ

ನಮ್ಮ ಚರ್ಚಿನ ಬಾಗಿಲ ಪಕ್ಕ ಒಂದು ಕರಿಹಲಗೆ ತೂಗುಹಾಕಿದೆ. ಶುಕ್ರವಾರದ ಪ್ರಾರ್ಥನೆ ಈ ತಿಂಗಳು ಯಾರ ಯಾರ ಮನೆಯಲ್ಲಿ ಎಂದು ಅದರ ಮೇಲೆ ಬರೆಯುವ ಕೆಲಸ ನನ್ನದು. ಯಾರೂ ಕರೆದು ಕೊಟ್ಟ ಹುದ್ದೆಯಲ್ಲ. ಜಹೀರಾಬಾದಿನ ಸರ್ಕಾರಿ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಸೀಮೆಸುಣ್ಣ ಹಿಡಿದವಳ ಕೈಗೆ ಇನ್ನೊಂದು ತುಂಡು ಕೊಟ್ಟರೆ ಬೇಡ ಅನ್ನುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ನನ್ನ ಅಕ್ಷರ ದುಂಡಗೆ, ಸಾಲು ನೇರ. ಜಂಬಕ್ಕೆ ಹೇಳುತ್ತಿಲ್ಲ ಎಂದು ಬರೆಯಹೊರಟಿದ್ದೆ, ಆದರೆ ಜಂಬಕ್ಕೇ ಹೇಳುತ್ತಿದ್ದೇನೆ.

ನಮ್ಮದು ಸಣ್ಣ ಚರ್ಚು. ಮೂವತ್ತು, ಮೂವತ್ತೈದು ಮನೆಗಳು. ಹಾಡುವುದು ಕನ್ನಡದಲ್ಲಿ, ಜಗಳವಾಡುವುದು ತೆಲುಗಿನಲ್ಲಿ, ಪೇಟೆಯಲ್ಲಿ ಚೌಕಾಸಿ ಮಾಡುವುದು ಉರ್ದುವಿನಲ್ಲಿ. ಭಾನುವಾರ ನಾವು ದೇವರ ಮನೆಗೆ ಹೋಗುತ್ತೇವೆ, ಶುಕ್ರವಾರ ಸಂಜೆ ದೇವರು ನಮ್ಮ ಮನೆಗೆ ಬರುತ್ತಾನೆ, ಅದೂ ಪಾಳಿ ಪ್ರಕಾರ. ಹಾಡು, ಓದು, ಪ್ರಾರ್ಥನೆ, ಆಮೇಲೆ ಆ ಮನೆಯವರು ಮಾಡಿದ ಊಟ. ಪಾಳಿ ಬಂದ ಮನೆಗೆ ಒಂದು ಗತ್ತು. ಹೊಸದಾಗಿ ಮದುವೆಯಾಗಿ ಬೇರೆ ಮನೆ ಮಾಡಿದವರು ಗ್ಯಾಸಿನ ಒಲೆಗಿಂತ ಮೊದಲು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು, ತಮ್ಮ ಹೆಸರು ಹಲಗೆಗೆ ಹತ್ತಿಸಿ ಎಂದು. ಹಲಗೆಯ ಮೇಲೆ ಹೆಸರು ಬಂದರೆ ಅದು ಮನೆ. ಅಲ್ಲಿಯವರೆಗೆ ಅದು ಬರೀ ಬಾಡಿಗೆಯ ಕೋಣೆ.

ಪಾಳಿಯ ಜೊತೆ ಮನೆಯಿಂದ ಮನೆಗೆ ಓಡಾಡುವುದು ಚರ್ಚಿನ ಜಮಖಾನೆ. ಕೆಂಪು ನೀಲಿ ಪಟ್ಟೆಯದು, ನಲವತ್ತು ಜನ ಒತ್ತೊತ್ತಿ ಕೂಡಬಹುದು, ನನ್ನ ಮದುವೆಗಿಂತ ಹಳೆಯದು. ಈ ವಾರದ ಪ್ರಾರ್ಥನೆ ಮುಗಿದ ಮೇಲೆ ಮುಂದಿನ ವಾರದ ಪಾಳಿಯವರು ಅದನ್ನು ಸುತ್ತಿ, ಹೆಗಲ ಮೇಲೆ ಹೊತ್ತು, ತಮ್ಮ ಮನೆಗೆ ಒಯ್ಯಬೇಕು. ಒಮ್ಮೆ ಹೊಸ್ತಿಲು ದಾಟಿ ಒಳಗೆ ಹೋದ ಜಮಖಾನೆ ಆ ಮನೆಯಲ್ಲಿ ಪ್ರಾರ್ಥನೆ ಆಗದೆ ಹೊರಗೆ ಬರುವಂತಿಲ್ಲ. ಈ ಕಾಯಿದೆ ಎಲ್ಲಿಯೂ ಬರೆದಿಟ್ಟಿಲ್ಲ. ಅದನ್ನು ಕಾಯ್ದುಕೊಂಡು ಬಂದವರು ಕಂಪೌಂಡರ್ ಕಾಕಾ.

ಕಾಕಾ ಚರ್ಚಿನ ಹಿರಿಯರಲ್ಲಿ ಹಿರಿಯರು. ಸರ್ಕಾರಿ ದವಾಖಾನೆಯಲ್ಲಿ ಕಂಪೌಂಡರಾಗಿ ನಿವೃತ್ತರಾದವರು. ಅರ್ಧ ಊರಿಗೆ ಸೂಜಿ ಚುಚ್ಚಿದ್ದಾರೆ, ಆದ್ದರಿಂದ ಅವರು ಎದುರಿಗೆ ಬಂದರೆ ಅರ್ಧ ಊರು ಹಿಂಭಾಗವನ್ನು ಗೋಡೆಗೆ ಹಚ್ಚಿಕೊಂಡೇ ನಮಸ್ಕಾರ ಮಾಡುತ್ತಿತ್ತು. ಒಂದು ಸಲ ಗುಮಾಸ್ತರೊಬ್ಬರ ಮನೆಗೆ ಜಮಖಾನೆ ಹೋದ ಮರುದಿನವೇ ಗಂಡ ಹೆಂಡತಿ ಜಗಳವಾಗಿ ಹೆಂಡತಿ ಬೀದರಿಗೆ ತವರಿಗೆ ಹೋದಳು. ಗುಮಾಸ್ತರು ಪಾಳಿ ತಪ್ಪಿಸಿ ಎಂದು ಕೈಮುಗಿದರು. ಕಾಕಾ ಜಗ್ಗಲಿಲ್ಲ.

"ಒಳಗ ಹೋದ ಜಮಖಾನಿ ಹಾಂಗೇ ಹೊಳ್ಳಿ ಬಂದ್ರ, ದೇವರನ್ನ ಬಾಗಿಲದಿಂದಾನೇ ಕಳಿಸಿದಂಗ ಆತು. ಪ್ರಾರ್ಥನಿ ಆಗ್ಲಿ. ಅಡಗಿ ಬರಲಿಲ್ಲಂದ್ರ ಚುರುಮುರಿ ಕೊಡು."

ಪ್ರಾರ್ಥನೆಯಾಯಿತು, ಚುರುಮುರಿಯೂ ಆಯಿತು. ಗಂಡ ಒಬ್ಬನೇ ಮೂವತ್ತು ಜನರಿಗೆ ಚುರುಮುರಿ ಹಂಚಿದ ಸುದ್ದಿ ಕೇಳಿ ಹೆಂಡತಿ ನಗುತ್ತ ವಾಪಸ್ಸು ಬಂದಳು. ಅಂದಿನಿಂದ ಆ ಕಾಯಿದೆಯ ತೂಕ ಇನ್ನೂ ಹೆಚ್ಚಾಯಿತು.

ಇನ್ನು ನಮ್ಮ ಅಡುಗೆಯವನ ವಿಷಯ. ಅವನು ನಮ್ಮ ಚರ್ಚಿನಲ್ಲೇ ಹುಟ್ಟಿ ಬೆಳೆದವನು. ಅವನ ಅವ್ವ ಪ್ರತಿ ಭಾನುವಾರ ನನ್ನ ಪಕ್ಕ ಕೂತು, ರಾಗ ಎತ್ತ ಹೋದರೂ ತಾನು ನೆಟ್ಟಗೆ ಹೋಗುತ್ತ, ಹಾಡುತ್ತಿದ್ದಳು. ಮಗ ಮದುವೆ, ಕ್ರಿಸ್ಮಸ್ಸು, ಯಾವುದೇ ಕೂಟವಿರಲಿ ಅಡುಗೆ ಹಿಡಿಯುತ್ತಿದ್ದ. ಲವಂಗ, ಏಲಕ್ಕಿ, ಪುದಿನಾ ಒಗ್ಗರಣೆಯ ಬಗಾರಾ ಅನ್ನ, ಅದರ ಮೇಲೆ ಬೇಳೆ ಮಾಂಸ ಕೂಡಿಸಿ ಬೇಯಿಸಿದ ಹುಣಸೆ ಹುಳಿಯ ದಾಲ್ಚಾ. ಅವನ ಕೈ ದಾಲ್ಚಾ ಉಂಡವರು ಸಂಬಂಧ ಬೆಳೆಸುವ ಮೊದಲು ಅಡುಗೆಗೆ ಯಾರು ಎಂದು ಕೇಳುತ್ತಿದ್ದರು.

ಒಂದು ಬೇಸಿಗೆಯಲ್ಲಿ ಚರ್ಚಿನ ನೆಲಕ್ಕೆ ತಾಂಡೂರು ಕಲ್ಲು ಹಾಸಲು ಯಾಲಾಲ್ ಕಡೆಯಿಂದ ಒಬ್ಬ ಮೇಸ್ತ್ರಿ ಬಂದ. ಹದಿನೈದು ದಿನದ ಕೆಲಸ. ಮಧ್ಯಾಹ್ನದ ಊಟ ಅಡುಗೆಯವನ ಮನೆಯಿಂದ ಬರುತ್ತಿತ್ತು. ನೆಲ ಮುಗಿಯಿತು, ಮೇಸ್ತ್ರಿ ಹೋಗಲಿಲ್ಲ. ಅವ್ವನೇ ಅವನಿಗೆ ಹಿಂದಿನ ಕೋಣೆ ಕೊಟ್ಟಳು. ಅವನು ಶಿವಭಕ್ತರ ಮನೆಯವನು, ಹಣೆಗೆ ವಿಭೂತಿ ಹಚ್ಚಿಕೊಂಡೇ ಚರ್ಚಿಗೆ ಬಂದು ಹಿಂದಿನ ಸಾಲಿನಲ್ಲಿ ಕೂಡುತ್ತಿದ್ದ. ಅದಕ್ಕೆ ಯಾರದೂ ತಕರಾರಿರಲಿಲ್ಲ, ಯಾಕೆಂದರೆ ಒಡೆದ ಕಲ್ಲು ಪುಕ್ಕಟೆ ಬದಲಿಸಿ ಕೊಡುತ್ತಿದ್ದ. ಅವರಿಬ್ಬರನ್ನೂ ನಾವು ಗೆಳೆಯರು ಎನ್ನುತ್ತಿದ್ದೆವು. ನಮಗೆ ತಿಳಿದಿರಲಿಲ್ಲವೆಂದರೆ ಸುಳ್ಳಾಗುತ್ತದೆ. ತಿಳಿಯದಂತೆ ಇರುವುದು ಸುಲಭವಿತ್ತು.

ಅವ್ವ ತೀರಿಕೊಂಡಳು. ವರುಷ ತಿರುಗುವ ಮೊದಲೇ ಕಾಕಾ ಅಡುಗೆಯವನಿಗೆಂದು ನಾರಾಯಣಖೇಡದಲ್ಲಿ ಒಂದು ಹೆಣ್ಣು ನೋಡಿ ಬಂದರು. ಹುಡುಗಿ ನರ್ಸು, ಗುಣವಂತೆ, ಮನೆತನ ಒಳ್ಳೆಯದು. ಪಾಸ್ಟರ ಮನೆಯಲ್ಲಿ ನಾಲ್ಕು ಜನ ಹಿರಿಯರನ್ನು ಕೂಡಿಸಿ, ನನ್ನನ್ನೂ ಅವನನ್ನೂ ಕರೆದು, ಚಹಾ ತರಿಸಿ ವಿಷಯ ಎತ್ತಿದರು. ಅಡುಗೆಯವನು ಕಪ್ಪು ಕೆಳಗಿಟ್ಟ.

"ಕಾಕಾ, ನಿಮ್ಮ ಉಪಕಾರ ದೊಡ್ಡದದ. ಆದ್ರ ನನಗ ಹೆಂಡ್ತಿ ಬ್ಯಾಡ್ರಿ. ನನ್ನ ಜೀವ ಮೇಸ್ತ್ರಿ ಮ್ಯಾಲ ಅದ, ಅವಂದು ನನ್ನ ಮ್ಯಾಲ. ಸುಳ್ಳ ಹೇಳಿ ಒಂದು ಹುಡುಗಿ ಬಾಳ್ವಿ ಹಾಳ ಮಾಡಾಕ ನನಗ ಆಗಂಗಿಲ್ಲ."

ಗಂಡಸು ಗಂಡಸನ್ನು ಪ್ರೀತಿಸುವುದಕ್ಕೆ ನಮ್ಮ ಮಾತಿನಲ್ಲಿ ಮರ್ಯಾದೆಯ ಹೆಸರಿರಲಿಲ್ಲ, ಬೈಗುಳಗಳಿದ್ದವು. ಅವನೆದುರು ಬೈಗುಳ ಬಳಸಲು ಯಾರಿಗೂ ಮನಸ್ಸಾಗಲಿಲ್ಲ. ಪಾಸ್ಟರು ಚಿಕ್ಕ ವಯಸ್ಸಿನವರು, ಕಷ್ಟದ ಮಾತು ಬಂದಾಗೆಲ್ಲ ಕಣ್ಣುಮುಚ್ಚಿ ಪ್ರಾರ್ಥನೆ ಶುರು ಮಾಡುವುದು ಅವರ ರೂಢಿ. ಅವತ್ತು ಬಹಳ ಉದ್ದ ಪ್ರಾರ್ಥನೆ ಮಾಡಿದರು. ಕಣ್ಣು ತೆರೆಯುವಷ್ಟರಲ್ಲಿ ಚಹಾ ಆರಿತ್ತು.

ಅವನನ್ನು ಯಾರೂ ಚರ್ಚಿನಿಂದ ಹೊರಗೆ ಹಾಕಲಿಲ್ಲ. ಭಾನುವಾರ ಬರುತ್ತಿದ್ದ, ಹಾಡುತ್ತಿದ್ದ. ಮದುವೆಗಳಿಗೆ ಅವನನ್ನೇ ಕರೆಯುತ್ತಿದ್ದರು. ಆದರೆ ಮುಂದಿನ ತಿಂಗಳು ನಾನು ಹಲಗೆ ಬರೆಯುವಾಗ ಕಾಕಾ ನನ್ನ ಹಿಂದೆ ಬಂದು ನಿಂತು, "ಟೀಚರ್, ಆ ಮನಿ ಸದ್ಯಕ್ಕ ಇರ್ಲಿ ಬಿಡ್ರಿ" ಎಂದರು. ನಾನು ಒದ್ದೆ ಬಟ್ಟೆ ತೆಗೆದುಕೊಂಡು, ಅವಳು ಹೋದ ಮೇಲೂ ಮನೆಯ ಗುರುತಾಗಿ ಉಳಿದಿದ್ದ ಅವನ ಅವ್ವನ ಹೆಸರಿನ ಸಾಲನ್ನು ಒರೆಸಿದೆ. ಆ ಸಾಲಿನಲ್ಲಿ ಮತ್ತೆ ಯಾರ ಹೆಸರನ್ನೂ ಬರೆಯಲಿಲ್ಲ. ಯಾಕೆ ಎಂದು ಒಂದು ಮಾತು ಕೇಳಲಿಲ್ಲ. ಶಾಲೆಯಲ್ಲಿ ಮೂರು ಹೆಡ್ಮಾಸ್ತರರನ್ನು ನಡುಗಿಸಿದವಳು ಅವತ್ತು ಒಂದು ತುಂಡು ಬಟ್ಟೆ ಹಿಡಿದು ಸುಮ್ಮನೆ ಹೇಳಿದ್ದು ಮಾಡಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಪ್ರತಿ ತಿಂಗಳ ಮೊದಲ ಭಾನುವಾರ ಅವನು ಹಲಗೆಯ ಮುಂದೆ ನಿಂತು ಮೇಲಿಂದ ಕೆಳಗೆ ಓದುತ್ತಿದ್ದ. ಆಮೇಲೆ ನನ್ನ ಹತ್ತಿರ ಬಂದು, "ಅಕ್ಕಾ, ಈ ತಿಂಗಳ ನಮ್ಮ ಮನಿ ಪಾಳಿ ಇಲ್ಲೇನ್ರಿ?" ಎನ್ನುತ್ತಿದ್ದ. ನಾನು "ನೋಡೋಣಪ್ಪ" ಎನ್ನುತ್ತಿದ್ದೆ. ಎರಡು ವರ್ಷ ನೋಡೋಣ ಎಂದೆ. ಅವನು ಎರಡು ವರ್ಷ ಕೇಳಿದ, ಒಂದು ತಿಂಗಳೂ ಬಿಡದೆ, ಒಂದು ಸಲವೂ ದನಿ ಏರಿಸದೆ.

ಕಾಕಾನ ಜೊತೆ ಒಮ್ಮೆ ವಾದ ಮಾಡಿ ನೋಡಿದ್ದೆ. ಅವರು ಶಾಸ್ತ್ರದ ಮಾತು ತೆಗೆದರು, ಇಂಥದ್ದು ಪಾಪವೆಂದು ಬರೆದಿದೆ ಎಂದರು. ಎರಡು ಬಗೆಯ ನೂಲು ಸೇರಿಸಿ ನೇಯ್ದ ಬಟ್ಟೆ ಉಡಬಾರದೆಂದೂ ಅದೇ ಶಾಸ್ತ್ರದಲ್ಲಿದೆ, ನಿಮ್ಮ ಸಫಾರಿ ಡ್ರೆಸ್ಸು ಹತ್ತಿ ಪಾಲಿಯೆಸ್ಟರ್ ಬೆರೆತ ಟೆರಿಕಾಟಲ್ಲವೇ ಎಂದೆ. ಕಾಕಾ ತಮ್ಮ ತೋಳು ಮುಟ್ಟಿ ನೋಡಿಕೊಂಡರು. "ಇದು ಅಳಿಯ ಕೊಡ್ಸಿದ್ದು" ಎಂದು ಎದ್ದು ಹೋದರು.

ಅಷ್ಟರಲ್ಲಿ ಪ್ರತ್ಯೇಕ ತೆಲಂಗಾಣ ರಾಜ್ಯದ ಚಳವಳಿ ಜೋರಾಯಿತು. ಬಸ್ಸುಗಳು ನಿಂತವು, ಶಾಲೆಗಳು ನಿಂತವು, ನಾನೂ ಸಂಬಳವಿಲ್ಲದೆ ಮನೆಯಲ್ಲಿ ಕೂತೆ. ದಿನಕ್ಕೊಂದು ಸಮಾಜದವರು ಹೈವೇ ಮೇಲೆ ಟೆಂಟು ಹಾಕುತ್ತಿದ್ದರು. ಕ್ಷೌರಿಕರು ರಸ್ತೆಯ ನಡುವೆ ಕುರ್ಚಿ ಹಾಕಿ ಗಡ್ಡ ಕೆರೆದರು, ಮಡಿವಾಳರು ಅಲ್ಲೇ ಬಟ್ಟೆ ಒಗೆದರು. ಎಲ್ಲಕ್ಕಿಂತ ಹೆಚ್ಚು ಜನ ಸೇರುತ್ತಿದ್ದದ್ದು ವಂಟಾ ವಾರ್ಪು ಎಂಬುದಕ್ಕೆ. ರಸ್ತೆಯ ಮೇಲೆ ಒಲೆ ಹೂಡಿ, ಅಡುಗೆ ಮಾಡಿ, ಅಲ್ಲೇ ಸಾಲಾಗಿ ಕೂತು ಉಂಡು ಎದ್ದರೆ ಅದೇ ಪ್ರತಿಭಟನೆ. ಇಷ್ಟು ರುಚಿಯಾದ ಪ್ರತಿಭಟನೆ ನಾನು ಬೇರೆ ಕಂಡಿಲ್ಲ.

ನಮ್ಮ ಚರ್ಚಿಗೂ ಒಂದು ದಿನ ಕೊಟ್ಟರು. ಅದು ಶುಕ್ರವಾರ, ಅವತ್ತಿನ ಪಾಳಿ ಕಾಕಾನ ಮನೆಯದು. ಕಾಕಾ ಬಹಳ ಯೋಚಿಸಿ, "ನಮ್ಮ ಮನಿ ಪ್ರಾರ್ಥನಿ ರಸ್ತಾ ಮ್ಯಾಲೇ ಆಗ್ಲಿ, ಲೆಕ್ಕಕ್ಕ ಹಿಡೀರಿ" ಎಂದು ಜಮಖಾನೆಯನ್ನು ಮನೆಯಿಂದ ಹೈವೇಗೆ ಹೊರಿಸಿದರು. ಪಾಸ್ಟರು ಇರಲಿಲ್ಲ. ನಾರಾಯಣಖೇಡದ ಚರ್ಚೂ ಅವರದೇ ಉಸ್ತುವಾರಿ, ಅಲ್ಲಿಗೆ ಹೋದವರು ಬಸ್ಸಿಲ್ಲದೆ ಅಲ್ಲೇ ಸಿಕ್ಕಿಬಿದ್ದಿದ್ದರು. ಅಡುಗೆ ಯಾರದೆಂದು ಕೇಳುವ ಪ್ರಶ್ನೆಯೇ ಇರಲಿಲ್ಲ. ಮೇಸ್ತ್ರಿ ಒಲೆಗೆ ಕಲ್ಲು ತಂದು ಹೂಡಿದ, ಅಡುಗೆಯವನು ಬಗಾರಾ ಇಟ್ಟ. ಲಿಂಗಾಯತರ ಮನೆಯವರೂ ಬರುತ್ತಾರೆಂದು ದಾಲ್ಚಾಕ್ಕೆ ಮಾಂಸದ ಬದಲು ಸೋರೆಕಾಯಿ. ಕಾಕಾ ರಾಜ್ಯಕ್ಕಾಗಿ ಕನ್ನಡದಲ್ಲಿ ಪ್ರಾರ್ಥನೆ ಮಾಡಿದರು. ತೆಲುಗು ಪೇಪರಿನವನೊಬ್ಬ ಯಾವ ಭಾಷೆ ಇದು ಎಂದು ಕೇಳಿದ್ದಕ್ಕೆ, ದೇವರಿಗೆ ಬರುತ್ತದೆ, ನಿನಗೆ ಬರದಿದ್ದರೆ ಚಿಂತೆಯಿಲ್ಲ ಎಂದೆ.

ಊಟ ಶುರುವಾಯಿತು. ನಾನು ಹೆಂಗಸರ ಸಾಲಿಗೆ ಎಲೆ ಹಾಕುತ್ತಿದ್ದೆ. ಹಿಂದೆ ಧಡ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ದಾಲ್ಚಾದ ಬಕೆಟ್ಟು ಅಡ್ಡಬಿದ್ದಿತ್ತು, ನನ್ನ ಮದುವೆಗಿಂತ ಹಳೆಯ ಜಮಖಾನೆಯ ನಟ್ಟನಡುವೆ ಹಳದಿ ಕೆರೆ. ಪಕ್ಕದಲ್ಲಿ ಅಡುಗೆಯವನು ಸೌಟು ಹಿಡಿದು ನಿಂತಿದ್ದ. ಕಾಕಾ ಸ್ವಲ್ಪ ಆಚೆ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ಊರೆಲ್ಲ ನೋಡುತ್ತಿರುವಾಗ ಅವನನ್ನು ಬೈದೆ. ಕಣ್ಣು ಎಲ್ಲಿಟ್ಟಿದ್ದಿ, ಇಷ್ಟು ವರ್ಷ ಅಡುಗೆ ಮಾಡಿ ಒಂದು ಬಕೆಟ್ಟು ಹಿಡಿಯಲು ಬರುವುದಿಲ್ಲವೇ ಎಂದೆಲ್ಲ ಅಂದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಮುಂದಿನ ಪಾಳಿಯವರು ಬೀದರಿನಲ್ಲಿ ಸಿಕ್ಕಿಬಿದ್ದಿದ್ದರು, ಜಮಖಾನೆ ಒಯ್ಯುವವರೇ ಇರಲಿಲ್ಲ. ನಾನು ಬೈಗುಳದ ಭರದಲ್ಲೇ ಹೇಳಿದೆ.

"ಚೆಲ್ಲಿದಾಂವ ನೀನು, ಒಯ್ದು ತೊಳಿ ನೀನೇ."

ಅವನು ತಲೆ ಎತ್ತಿದ. "ನಮ್ಮ ಮನಿಗಿ ಒಯ್ಯಲೇನ್ರಿ ಅಕ್ಕಾ?"

"ಮತ್ತೆಲ್ಲಿಗಿ ಒಯ್ತಿ, ತಹಸೀಲ್ದಾರ್ ಆಫೀಸಿಗೇನು?"

ಅವನೂ ಮೇಸ್ತ್ರಿಯೂ ಜಮಖಾನೆ ಸುತ್ತಿ, ಒಂದೊಂದು ತುದಿ ಹೆಗಲಿಗಿಟ್ಟುಕೊಂಡು ಹೋದರು. ನಾನು ಮನೆಗೆ ಬಂದು ಚಹಾಕ್ಕಿಟ್ಟು, ಮೊದಲ ಗುಟುಕು ಕುಡಿಯುವಾಗ ನನಗೆ ತಿಳಿಯಿತು ನಾನೇನು ಮಾಡಿದೆನೆಂದು. ಬಾಯಿ ಸುಟ್ಟುಕೊಂಡೆ.

ಮರುದಿನ ಬೆಳಗ್ಗೆ ಕಾಕಾ ನನ್ನ ಬಾಗಿಲಲ್ಲಿದ್ದರು.

"ಟೀಚರ್, ಜಮಖಾನಿ ಎಲ್ಲಿಗಿ ಹೋಗ್ಯದ?"

"ತೊಳ್ಯಾಕ ಹೋಗ್ಯದ್ರಿ ಕಾಕಾ."

"ಹೊಸ್ತಿಲ ದಾಟಿ ಒಳಗ ಹೋಗ್ಯದೋ, ಅಂಗಳದಾಗ ಅದನೋ?"

"ನಾ ನೋಡಿಲ್ರಿ."

"ನೋಡ್ರಿ. ಒಳಗ ಹೋಗೂದರಾಗ ತೊಗೊಂಡು ಬರ್ರಿ." ಅವರ ದನಿಯಲ್ಲಿ ಎಂದಿನ ಜೋರು ಇರಲಿಲ್ಲ. ಏನೋ ಹೇಳಲು ಬಂದು ಹೇಳದೆ ಹೋದಂತಿತ್ತು. ವಯಸ್ಸಾಯಿತು ಎಂದುಕೊಂಡೆ.

ನಾನು ಸೋಮವಾರ ಹೋದೆ. ಅವರ ಮನೆಯ ಅಂಗಳದಲ್ಲಿ ಇಬ್ಬರೂ ಜಮಖಾನೆ ಹಿಂಡುತ್ತಿದ್ದರು. ಆ ಜಮಖಾನೆ ನೆಂದರೆ ಎಮ್ಮೆಯಷ್ಟು ಭಾರ, ಒಬ್ಬರ ಕೈಯಲ್ಲಿ ಹಿಂಡಲು ಆಗುವುದಿಲ್ಲ. ಗಂಡ ಹೋದ ಮೇಲೆ ನನ್ನ ಪಾಳಿಯಲ್ಲಿ ಪಕ್ಕದ ಮನೆಯವರನ್ನು ಕೂಗಬೇಕಾಗುತ್ತಿತ್ತು. ಇಲ್ಲಿ ಅವನು ಒಂದು ತುದಿ, ಮೇಸ್ತ್ರಿ ಇನ್ನೊಂದು ತುದಿ. ಒಬ್ಬ ಎಡಕ್ಕೆ ತಿರುವಿದರೆ ಇನ್ನೊಬ್ಬ ಬಲಕ್ಕೆ. ನೀರು ಸುರಿದು ಅವರ ಕಾಲೆಲ್ಲ ನೆಂದಿತ್ತು, ಯಾವುದೋ ಮಾತಿಗೆ ಇಬ್ಬರೂ ನಗುತ್ತಿದ್ದರು. ನನ್ನನ್ನು ನೋಡಿ ನಗು ನಿಲ್ಲಿಸಿದರು. ನನಗೆ ಅದು ಬೇಸರವಾಯಿತು. ಇನ್ನೂ ಹಸಿ ಇದೆ ಎಂದು ಹೇಳಿಸಿಕೊಂಡು ಬರಿಗೈಯಲ್ಲಿ ಬಂದೆ. ಅಂಗಳದಲ್ಲೇ ಇದೆ ಎಂದು ಕಾಕಾನಿಗೂ ಹೇಳಿ ಕಳಿಸಿದೆ.

ಶುಕ್ರವಾರ ಬೆಳಗ್ಗೆ ಮತ್ತೆ ಹೋದೆ. ಈ ಸಲ ಅಂಗಳ ಖಾಲಿ. ಬಾಗಿಲು ತೆರೆದಿತ್ತು. ಜಮಖಾನೆ ಒಳಗೆ, ಹೆಚ್ಚುಕಡಿಮೆ ಗೋಡೆಯಿಂದ ಗೋಡೆಗೆ ಹಾಸಿತ್ತು. ಅದರ ಅಂಚಿನಲ್ಲಿ ಕಾಣುತ್ತಿದ್ದ ನೆಲಕ್ಕೆ ಮೇಸ್ತ್ರಿ ಬೇರೆ ಬೇರೆ ಮನೆಗಳ ಕೆಲಸದಲ್ಲಿ ಉಳಿದ ತುಂಡು ಕಲ್ಲು ತಂದು ಕೂಡಿಸಿದ್ದ, ನೀಲಿ ಒಂದು, ಹಳದಿ ಒಂದು. ಗೋಡೆಯ ಮೇಲೆ ಅವ್ವನ ಫೋಟೋ. ಅಡುಗೆಮನೆಯಲ್ಲಿ ಒಂದು ದೊಡ್ಡ ಪಾತ್ರೆಯಲ್ಲಿ ಅಕ್ಕಿ ನೆನೆದಿತ್ತು, ಮೇಸ್ತ್ರಿ ಕೂತು ಈರುಳ್ಳಿ ಹೆಚ್ಚುತ್ತಿದ್ದ.

"ಇಷ್ಟು ಅಕ್ಕಿ ಯಾರಿಗಿ?" ಎಂದೆ.

"ಪಾಳಿ ಅದಲ್ರಿ ಅಕ್ಕಾ" ಎಂದ ಅಡುಗೆಯವನು. "ನಿನ್ನಿ ಮಳಿ ಹನಿ ಬಿತ್ತು. ಒಣಗಿದ್ದು ಮತ್ತ ತೊಯ್ತದಂತ ಒಳಗ ತಂದೀವಿ."

"ಯಾರಾದ್ರೂ ಬರ್ತೀವಿ ಅಂದಾರೇನು?"

"ಇಲ್ರಿ. ಬಂದ್ರ ಬರ್ಲಿ. ಬರ್ಲಿಲ್ಲಂದ್ರ ನಾವಿಬ್ಬರು ಕೂಡ್ತೀವಿ. ಜಮಖಾನಿ ಜರಾ ದೊಡ್ಡದಾಗ್ತದ, ಅಷ್ಟೇ." ಅಕ್ಕಿಯ ಪಾತ್ರೆ ಮುಚ್ಚಿ ಅವನೇ ಕೇಳಿದ. "ಅವ್ವ ಇದ್ದಾಗ ಎಲ್ಲಾರೂ ಬರ್ತಿದ್ರಿ. ಅವ್ವ ಹೋದ್ಳು, ಅವಳ ಹಿಂದ ದೇವರೂ ಈ ಮನಿ ಬಿಟ್ಟು ಹೋಗ್ಯಾನೇನ್ರಿ? ಅದೊಂದು ಹೇಳ್ರಿ ನನಗ. ಹೋಗ್ಯಾನ ಅಂದ್ರ ನಾ ಕೇಳೂದು ಬಿಡ್ತೀನಿ."

ನನ್ನ ಬಳಿ ನೋಡೋಣ ಎಂಬ ಮಾತು ಉಳಿದಿರಲಿಲ್ಲ. "ಹಲಗಿ ಒರಸಿದಾಕಿ ನಾನು" ಎಂದೆ.

"ಗೊತ್ತದ್ರಿ. ಒದ್ದಿ ಬಟ್ಟಿಲೆ ಒರಸಿದ್ರ ಸುಣ್ಣದ ಗುರ್ತು ಉಳೀತದ. ಅವ್ವನ ಹೆಸರು ಇನ್ನೂ ಕಾಣ್ತದ, ಸೂಕ್ಷ್ಮ ನೋಡಿದ್ರ. ನಾ ಪ್ರತಿ ತಿಂಗಳ ನೋಡ್ತೀನಿ."

ಅವನು ಎರಡು ವರ್ಷ ಹಲಗೆಯ ಮುಂದೆ ನಿಂತು ಓದುತ್ತಿದ್ದದ್ದು ಏನೆಂದು ಆಗ ತಿಳಿಯಿತು. ಅಲ್ಲಿ ಕೂತರೆ ಅತ್ತುಬಿಡುತ್ತೇನೆಂದು ಎದ್ದೆ. ನನಗೆ ಅಳು ಬಂದರೆ ಕೂಡಲೇ ಯಾರ ಮೇಲಾದರೂ ಸಿಟ್ಟು ಮಾಡಬೇಕು. ಸೆರಗು ಬಿಗಿದು ಬೀದಿಗೆ ಇಳಿದೆ.

ಮನೆಮನೆಗೆ ಹೋದೆ. ಎಲ್ಲ ಬಾಗಿಲಲ್ಲೂ ಒಂದೇ ಮಾತು. "ಸಂಜಿಗಿ ಪ್ರಾರ್ಥನಿ ಅದ. ಜಮಖಾನಿ ಆ ಮನಿ ಒಳಗ ಹೋಗಿ ಕುಂತದ. ಕಾಯಿದಿ ನಿಮಗ ಗೊತ್ತದ." ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಆದರೆ ಹೆಚ್ಚಿನವರು ನನ್ನ ಮುಖ ನೋಡಿ, ಹಿಂದೆ ತಿರುಗಿ ಗಂಡನ ಮುಖ ನೋಡಿ, "ಹಂಗಿದ್ರ ಹೋಗಲೇಬೇಕಾತು ಬಿಡ್ರಿ" ಎಂದರು. ಎನ್ನುವಾಗ ಅವರ ಹೆಗಲು ಹಗುರಾದದ್ದು ನನಗೆ ಕಂಡಿತು. ಅವರಿಗೂ ಎರಡು ವರ್ಷದಿಂದ ಅದು ಮುಳ್ಳಾಗಿತ್ತು. ಅವರಿಗೆ ಬೇಕಾಗಿದ್ದದ್ದು ನ್ಯಾಯವಲ್ಲ, ಒಂದು ನೆಪ. ನಾನು ಮನೆಮನೆಗೆ ನೆಪ ಹಂಚಿದೆ.

ಒಬ್ಬಳು ಮಾತ್ರ ಬಾಗಿಲು ಅರ್ಧ ಮುಚ್ಚಿಕೊಂಡೇ, "ಅಂಥವರ ಮನ್ಯಾಗ ಉಂಡ್ರ ನಮ್ಮ ಹುಡುಗ್ರು ಕೆಡ್ತಾವ" ಎಂದಳು. ಹೋದ ಶುಕ್ರವಾರ ರಸ್ತೆಯ ಮೇಲೆ ನಿನ್ನ ಹುಡುಗರು ಮೂರು ಸಲ ಬಗಾರಾ ಹಾಕಿಸಿಕೊಂಡರಲ್ಲ, ಏನಾದರೂ ಕೆಟ್ಟವೇ ಎಂದು ಕೇಳಿದೆ. ಉಳಿದರ್ಧವೂ ಮುಚ್ಚಿತು. ಆ ಮನೆಯವರು ಅವತ್ತು ಬರಲಿಲ್ಲ, ಮುಂದೆಯೂ ಬರಲಿಲ್ಲ. ಕೆಲವು ತಿಂಗಳಿಗೆ ಬೇರೆ ಚರ್ಚು ಸೇರಿದರು. ಕಾಕಾನ ಮನೆಗೆ ನಾನು ಹೋಗಲಿಲ್ಲ, ಧೈರ್ಯ ಅಲ್ಲಿಗೆ ಮುಗಿದಿತ್ತು.

ಸಂಜೆ ಇಪ್ಪತ್ತೆರಡು ಜನ ಬಂದರು. ನಾನು ಎಣಿಸಿದೆ, ಎಣಿಸುವುದು ಶಾಲೆಯ ಚಾಳಿ. ಅಡುಗೆಯವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ನೀರು ಕೊಡುತ್ತಿದ್ದ, ಗಡಿಬಿಡಿಯಲ್ಲಿ ಅರ್ಧ ನೀರು ಬಂದವರ ಕಾಲಿಗೆ ಬೀಳುತ್ತಿತ್ತು. ಮೇಸ್ತ್ರಿ ಹಿಂದಿನ ಗೋಡೆಗೆ ಆತು ನಿಂತಿದ್ದ, ತನ್ನದೇ ಮನೆಯಲ್ಲಿ ಹಿಂದಿನ ಸಾಲು ಹುಡುಕಿಕೊಂಡು. ಎರಡು ಹಾಡು ಮುಗಿದವು. ಮೂರನೆಯದು ಶುರುವಾಗುವಾಗ ಹೊರಗೆ ಕೋಲಿನ ಸದ್ದು ಕೇಳಿತು. ಹಾಡು ತಾನಾಗಿ ನಿಂತಿತು.

ಕಾಕಾ ಹೊಸ್ತಿಲ ಮೇಲೆ ನಿಂತರು, ಅದೇ ಟೆರಿಕಾಟು ಸಫಾರಿಯಲ್ಲಿ. ಒಳಗೆ ಬರಲಿಲ್ಲ, ಹೊರಗೂ ಹೋಗಲಿಲ್ಲ. ಕೋಲಿನಿಂದ ಜಮಖಾನೆಯ ನಡುವೆ ತೋರಿಸಿದರು.

"ಕಲಿ ಹೋಗ್ಯದೇನು?"

"ಹೋಗ್ಯದ್ರಿ ಕಾಕಾ" ಎಂದ ಅಡುಗೆಯವನು. "ಮೂರು ಸಲ ತೊಳದೀವಿ."

ಕಾಕಾ ತಲೆಯಾಡಿಸಿದರು. ಆಮೇಲೆ ನಮ್ಮೆಲ್ಲರ ಕಡೆ ನೋಡಿ, ಸಾಕ್ಷಿ ಹೇಳುವವರಂತೆ ಒಂದೊಂದೇ ಮಾತು ಹೇಳಿದರು.

"ಅವತ್ತ ಬಕೀಟ ಒದ್ದಾಂವ ನಾನು. ನನಗ ಕಣ್ಣ ಸರಿ ಕಾಣಂಗಿಲ್ಲ, ಯಾರಿಗೂ ಹೇಳಿಲ್ಲ. ಟೀಚರ್ ಇವಂಗ ಬೈಯಾಕತ್ತಿದ್ರು, ನಾ ಕನ್ನಡಕ ಒರಸ್ಕೋತ ನಿಂತೆ. ಇಂವ ನನ್ನ ಕಡಿ ಒಂದು ಸಲ ನೋಡ್ದ, ಸುಮ್ನಾದ. ಎಂಟು ದಿನ ಆತು, ನನಗ ನಿದ್ದಿ ಇಲ್ಲ."

ನನ್ನ ಕಿವಿ ಬಿಸಿಯಾದವು. ಊರೆಲ್ಲ ಕೇಳುವಂತೆ ನಾನು ಬೈದದ್ದು ಮಾಡದ ತಪ್ಪಿಗೆ. ಅಡುಗೆಯವನು ಮುಂದೆ ಬಂದು ಕಾಕಾನ ಕೈಹಿಡಿದ. "ಹೊಸ್ತಿಲ ಎತ್ತರ ಅದ್ರಿ, ಸಾವಕಾಶ" ಎಂದ. ಕಾಕಾ ಆ ಕೈ ಹಿಡಿದೇ ಒಳಗೆ ಬಂದರು. ಮಂಡಿನೋವಿನವರಿಗೆಂದು ಇಟ್ಟಿದ್ದ ಕುರ್ಚಿಯಲ್ಲಿ ಕೂತರು.

ಮನೆಯ ಆಶೀರ್ವಾದದ ಪ್ರಾರ್ಥನೆ ಯಾವಾಗಲೂ ಕಾಕಾನದೇ. ಅವರು ಹೇಳುವುದು ನಮಗೆಲ್ಲ ಬಾಯಿಪಾಠ. ಬಸ್ಸುಗಳಿಗಾಗಿ ಕೇಳಿದರು, ರಾಜ್ಯಕ್ಕಾಗಿ ಕೇಳಿದರು, ನಾರಾಯಣಖೇಡದಲ್ಲಿ ಸಿಕ್ಕಿಬಿದ್ದ ಪಾಸ್ಟರಿಗಾಗಿ ಕೇಳಿದರು. ಆಮೇಲೆ ಪ್ರತಿ ಮನೆಯಲ್ಲಿ ಬರುವ ಮಾತು ಬಂತು. "ಕರ್ತನೇ, ಈ ಮನೆಯ ಯಜಮಾನನನ್ನೂ ಈ ಮನೆಯ ಒಡತಿಯನ್ನೂ" ಎಂದು ಹೇಳಬೇಕಾದ ಜಾಗ. "ಕರ್ತನೇ, ಈ ಮನೆಯ" ಎಂದು ನಿಂತುಬಿಟ್ಟರು. ನಾನು ಕಣ್ಣು ತೆರೆದೆ, ತೆರೆಯಬಾರದೆಂದು ಗೊತ್ತಿದ್ದೂ. ಇಪ್ಪತ್ತೆರಡು ಜನರಲ್ಲಿ ಕಡಿಮೆಯೆಂದರೆ ಹದಿನೈದು ಜನ ಕಣ್ಣು ತೆರೆದಿದ್ದರು. ಅಡುಗೆಯವನು ಮಾತ್ರ ಗಟ್ಟಿಯಾಗಿ ಮುಚ್ಚಿದ್ದ.

"ಈ ಮನಿಯವರಿಬ್ಬರನ್ನೂ" ಎಂದರು ಕಾಕಾ. ಶಾಸ್ತ್ರದ ಕನ್ನಡ ಬಿಟ್ಟು ಮನೆಯ ಕನ್ನಡಕ್ಕೆ ಇಳಿದಿದ್ದರು. "ಈ ಮನಿಯವರಿಬ್ಬರನ್ನೂ ಚಂದಾಗಿ ಇಡು."

ಎಲ್ಲರೂ ಆಮೆನ್ ಅಂದೆವು. ಹಿಂದಿನ ಗೋಡೆಯ ಹತ್ತಿರದ ಆಮೆನ್ ಎಲ್ಲರಿಗಿಂತ ತಡವಾಗಿ ಬಂತು. ಮೇಸ್ತ್ರಿ ತೋಳಿನಿಂದ ವಿಭೂತಿಯ ಜೊತೆ ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದ.

ಆಮೇಲಿನದು ಊಟ. ಕಾಕಾ ಎರಡು ಸಲ ಬಗಾರಾ ಹಾಕಿಸಿಕೊಂಡು, "ಉಪ್ಪು ಕಡಿಮಿ ಆಗ್ಯದ" ಎಂದರು. ಅವ್ವ ಇದ್ದಾಗಲೂ ಆ ಮನೆಯಲ್ಲಿ ಅವರು ಅದನ್ನೇ ಹೇಳುತ್ತಿದ್ದರು. ಅಡುಗೆಯವನು ಅದನ್ನು ಕೇಳಿ ಅಡುಗೆಮನೆಗೆ ಓಡಿದ, ಉಪ್ಪು ತರಲು ಬೇಕಾದುದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ನಿಂತ. ಎಲ್ಲರೂ ಕೈತೊಳೆಯುವಾಗ ಪಾಸ್ಟರು ಬಂದರು, ಹಾಲಿನ ಗಾಡಿಯಲ್ಲಿ ಕೂತು ಬಂದು ಮೈಯೆಲ್ಲ ಧೂಳು. ಬಾಗಿಲಲ್ಲಿ ನಿಂತು ನಮ್ಮನ್ನೂ ಜಮಖಾನೆಯನ್ನೂ ಕುರ್ಚಿಯಲ್ಲಿದ್ದ ಕಾಕಾನನ್ನೂ ನೋಡಿದರು. ಕೂಡಲೇ ಕಣ್ಣುಮುಚ್ಚಿ ಕೈ ಜೋಡಿಸಿದರು.

"ಪ್ರಾರ್ಥನಿ ಆಗ್ಯದ್ರಿ ಪಾಸ್ಟರೇ" ಎಂದರು ಕಾಕಾ. "ಊಟಕ್ಕ ಕೂಡ್ರಿ."

ಎಲ್ಲವೂ ಅವತ್ತೇ ಸರಿಹೋಯಿತೆಂದು ಹೇಳಿದರೆ ನೀವು ನಂಬಬೇಡಿ. ನಾನು ಅವನ ಕ್ಷಮೆ ಕೇಳಿದಾಗ, "ನಿಮ್ಮ ಬೈಗುಳ ಇಲ್ಲಂದ್ರ ಜಮಖಾನಿ ನಮ್ಮ ಮನಿಗಿ ಬರ್ತಿತ್ತೇನ್ರಿ" ಎಂದು ನಕ್ಕ, ಆದರೆ ಕ್ಷಮಿಸಿದೆ ಎನ್ನಲಿಲ್ಲ. ಕಾಕಾ ಕೊನೆಯವರೆಗೂ ಈ ವಿಷಯದಲ್ಲಿ ಶಾಸ್ತ್ರ ಹೇಳಿದ್ದು ಹೇಳಿದ್ದೇ ಎನ್ನುತ್ತಿದ್ದರು. ಅನ್ನುತ್ತಲೇ ಆ ಮನೆಯ ಪಾಳಿಗೆ ಎಲ್ಲರಿಗಿಂತ ಮೊದಲು ಹೋಗಿ ಕೂಡುತ್ತಿದ್ದರು. ಅವರಿಗೆ ಕಣ್ಣು ಪೂರ್ತಿ ಹೋದ ಮೇಲೆ ಶುಕ್ರವಾರ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದದ್ದು ಮೇಸ್ತ್ರಿ. ದಾರಿಯುದ್ದಕ್ಕೂ ಇಬ್ಬರೂ ಯಾರ ಮನೆಗೆ ಯಾವ ಕಲ್ಲು ಹಾಕಿದ್ದಾರೆಂದು ಮಾತಾಡುತ್ತಿದ್ದರು.

ಆ ಶುಕ್ರವಾರದ ನಂತರದ ಭಾನುವಾರ ನಾನು ಬೇಗ ಚರ್ಚಿಗೆ ಹೋಗಿ ಹಲಗೆಯ ಮುಂದೆ ನಿಂತೆ. ಅವ್ವನ ಹೆಸರಿನ ಮಸುಕು ಗುರುತು ನಿಜವಾಗಿಯೂ ಇತ್ತು. ಅದನ್ನು ಒರೆಸಲಿಲ್ಲ. ಅದರ ಮೇಲೆಯೇ ಅವಳ ಮಗನ ಹೆಸರು ಬರೆದೆ, ಪಕ್ಕದಲ್ಲಿ ಮೇಸ್ತ್ರಿಯ ಹೆಸರು ಬರೆದೆ, ಮುಂದೆ "ಇವರ ಮನೆ" ಎಂದು ಬರೆದೆ. ಅಳುಕಿನಿಂದಲೋ ಏನೋ ಅಕ್ಷರಗಳು ಚಿಕ್ಕವಾದವು. ಹಿಂದೆ ಕೋಲಿನ ಸದ್ದು ಕೇಳಿತು. ಎರಡು ವರ್ಷದ ಹಿಂದೆ ನಿಂತ ಜಾಗದಲ್ಲೇ ಕಾಕಾ ಬಂದು ನಿಂತರು, ಮೂಗು ಹಲಗೆಗೆ ತಾಗುವಷ್ಟು ಬಗ್ಗಿ ಓದಿದರು. ನಾನು ಒದ್ದೆ ಬಟ್ಟೆಯನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

"ಟೀಚರ್, ಅಕ್ಷರ ಸಣ್ಣು ಆಗ್ಯಾವ" ಎಂದರು. "ನನಗ ಕಾಣಂಗಿಲ್ಲ. ದೊಡ್ಡದು ಬರೀರಿ."